ಅಸ್ತಿಭಾರಕ್ಕೆ ಮೊದಲು ನೆಲದ ಪರೀಕ್ಷೆ

ಬಿಟ್ಟಂಗಾಲದಂತಹ ಏರುತಗ್ಗಿನ ಗ್ರಾಮಗಳಲ್ಲಿ ಮನೆಯನ್ನಾಗಲಿ ಕಾಫಿಯ ಉಗ್ರಾಣವನ್ನಾಗಲಿ ಕಟ್ಟಿಸತಕ್ಕವರು, ಬೇಸಗೆಯಲ್ಲಿ ಹಾರೆಯಿಂದ ನೆಲವನ್ನು ಚುಚ್ಚಿ ನೋಡಿ ಗಟ್ಟಿಯೆಂದು ನಿಶ್ಚಯಿಸುವುದುಂಟು. ಒಣಗಿದ ಕೆಂಪು ಜೇಡಿಮಣ್ಣು ಹಾರೆಗೆ ಕಲ್ಲಿನಂತೆ ತೋರಿದರೂ ಮುಂಗಾರಿನ ನೀರುಂಡೊಡನೆ ಮೆತ್ತಗಾಗುವುದು.

ಇಂಜಿನಿಯರರ ಕ್ರಮವು ಬೇರೆ. ಕೊರೆದ ಕುಳಿಯ ತಳದಲ್ಲಿ, ಎರಡು ಹೋಳಾಗಿ ಬಿಚ್ಚುವ ಉಕ್ಕಿನ ಕೊಳವೆಯನ್ನಿರಿಸಿ, 63.5 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಮೇಲಿಂದ ಮೇಲೆ ಬೀಳಿಸುವರು. ಮೊದಲ 15 ಸೆಂಟಿಮೀಟರಿನ ಪೆಟ್ಟುಗಳು ಲೆಕ್ಕಕ್ಕಿಲ್ಲ. ಕೊರೆಯುವಾಗ ಆ ಮಣ್ಣು ಕದಡಿರುವುದು. ಮುಂದಿನ 30 ಸೆಂಟಿಮೀಟರಿಗೆ ತಗಲಿದ ಪೆಟ್ಟುಗಳೇ ಎಣಿಕೆ. ಮರಳು ನೆಲದಲ್ಲಿ ಅದು 10ಕ್ಕೆ ಕಡಿಮೆಯಾದರೆ ಸಡಿಲು, 30ಕ್ಕೆ ಮೇಲಾದರೆ ಬಿಗಿ. ಜೇಡಿಯಲ್ಲಿ 4ಕ್ಕೆ ಕಡಿಮೆಯಾದುದು ಮೆತ್ತನೆಯದು.

ನಮ್ಮ ಗುಡ್ಡಗಳಲ್ಲಿ ಒಂದು ಮೋಸವುಂಟು. ಮಣ್ಣಿನಲ್ಲಿ ಹುದುಗಿದ ಗುಂಡುಕಲ್ಲು ತಗಲಿದರೆ ಎಣಿಕೆಯೇರಿ ಬಂಡೆಯೆಂಬ ಭ್ರಮೆಯಾಗುವುದು; ಅದರ ಕೆಳಗೆ ಮೆತ್ತನೆಯ ಮಣ್ಣೇ ಇರಬಹುದು. ಆದಕಾರಣ ಒಂದೇ ಕುಳಿಯನ್ನು ನಂಬತಕ್ಕದ್ದಲ್ಲ. ಗುಡ್ಡ ಕಡಿದು ಸಮಮಾಡಿದ ನಿವೇಶನದಲ್ಲಿ ಕಡಿದ ಕಡೆಗೊಂದು, ಮಣ್ಣು ತುಂಬಿದ ಕಡೆಗೊಂದು ಕುಳಿ ಅವಶ್ಯ. ತುಂಬಿದ ಮಣ್ಣು ಹೆಚ್ಚು ಕುಗ್ಗುವುದರಿಂದ, ಎರಡರ ಮೇಲೂ ನಿಂತ ಗೋಡೆಯು ನಡುವೆ ಸೀಳುವ ಸಂಭವವುಂಟು.

ಇಷ್ಟಾದರೂ, ಇಳಿಜಾರು ಜಾರದೆಂಬುದಕ್ಕೆ ಈ ಎಣಿಕೆಯು ಸಾಕ್ಷಿಯಲ್ಲ. 2019ರ ಆಗಸ್ಟಿನ ಮಳೆಯಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರಾ ಗ್ರಾಮದಲ್ಲಿ ಗುಡ್ಡವೇ ಕುಸಿದು ಜನರು ಮೃತಪಟ್ಟರು. ಮನೆಯ ಹಿಂದಿನ ಇಳಿಜಾರನ್ನೂ ಅದರ ನೀರು ಹರಿಯುವ ದಾರಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿಯೇ ಅಸ್ತಿಭಾರಕ್ಕೆ ಕೈಹಾಕತಕ್ಕದ್ದು.