ಬೋವಜನ ಹೊಲದ ನಿಯಮ: ಕೆಲಸದ ಜಾಗದಲ್ಲಿ ಗೌರವ

 

ಭಾನುವಾರ ಎರಡು ಮೂರು ಗಂಟೆ ನಾವು ಸಭೆಯಲ್ಲಿ ಇರ್ತೀವಿ. ಸೋಮವಾರದಿಂದ ಶನಿವಾರದ ತನಕ? ಆಫೀಸಲ್ಲಿ, ಗಾರ್ಮೆಂಟ್ಸಲ್ಲಿ, ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ. ಅಲ್ಲಿ ಪಕ್ಕದಲ್ಲಿ ಕೂತವರು ನಮ್ಮ ಆರಾಧನೆ ನೋಡಿಲ್ಲ. ಅವರು ನೋಡೋದು ನಾವು ಮಾತಾಡೋ ರೀತಿ, ನಡೆದುಕೊಳ್ಳೋ ರೀತಿ. ಅದಕ್ಕೇ ಇವತ್ತು ರೂತಳು 2ನೇ ಅಧ್ಯಾಯ ತೆಗೆಯಿರಿ.

ರೂತಳು ಯಾರು? ವಿಧವೆ, ಬಡವಿ, ಮೋವಾಬ್ ದೇಶದವಳು. ಹಕ್ಕಲಾಯೋಕೆ ಬೇತ್ಲೆಹೇಮಿನ ಒಂದು ಹೊಲಕ್ಕೆ ಬಂದಳು. ಅವಳ ಪರವಾಗಿ ಕೇಳೋರು ಅಲ್ಲಿ ಯಾರೂ ಇಲ್ಲ. ಇಂಥವರ ಹತ್ರ ಜನ ಹೇಗೆ ನಡ್ಕೋತಾರೆ ಅನ್ನೋದರಲ್ಲೇ ಒಂದು ಕೆಲಸದ ಜಾಗ ಹೇಗಿದೆ ಅಂತ ಗೊತ್ತಾಗುತ್ತೆ.

ಮೊದಲನೆಯದು, ಮಾತು. 4ನೇ ವಚನದಲ್ಲಿ ಬೋವಜನು ಹೊಲಕ್ಕೆ ಬಂದವನೇ ಕೊಯ್ಯುವವರಿಗೆ ಕರ್ತನ ಹೆಸರಿನಲ್ಲಿ ವಂದನೆ ಹೇಳಿದ. ಯಜಮಾನನೇ ಮೊದಲು ಹೇಳಿದ, ಗಮನಿಸಿ. ನಾನು ಕುದೇರಿನವನು. ನಮ್ಮ ಕಡೆ ಅರಿಶಿನ ಕೀಳೋಕೆ, ಕಳೆ ತೆಗೆಯೋಕೆ ಕೂಲಿಗೆ ಬರೋ ತಾಯಂದಿರಿಗೆ ಐವತ್ತು ವರ್ಷ ಆಗಿದ್ರೂ ಇಪ್ಪತ್ತರ ಹುಡುಗ ‘ಬಾ, ಹೋಗು’ ಅಂತ ಕರೆಯೋದನ್ನ ನೋಡಿ ಬೆಳೆದವನು. ಆ ಅಭ್ಯಾಸ ನಮ್ಮ ಜೊತೆಯಲ್ಲೇ ಬಸ್ ಹತ್ತಿ ಮೈಸೂರು, ಬೆಂಗಳೂರಿಗೂ ಬರುತ್ತೆ. ಮ್ಯಾನೇಜರ್‌ಗೆ ‘ಸರ್, ನೀವು’, ಹೌಸ್‌ಕೀಪಿಂಗ್ ಅಮ್ಮನಿಗೆ ‘ಏ, ಬಾ ಇಲ್ಲಿ’. ಇಬ್ಬರೂ ದೇವರ ರೂಪದಲ್ಲಿ ಸೃಷ್ಟಿಯಾದವರೇ ಅಲ್ವಾ? ನಾಳೆಯಿಂದ ಇಬ್ಬರಿಗೂ ‘ನೀವು’ ಅನ್ನಿ.

ಎರಡನೆಯದು, ನೀರು ಮತ್ತು ಊಟ. ಗಂಡಾಳುಗಳು ಸೇದಿಟ್ಟ ನೀರನ್ನೇ ಕುಡಿ ಅಂತ ಬೋವಜನು ರೂತಳಿಗೆ ಹೇಳಿದ. ಊಟಕ್ಕೆ ಕೊಯ್ಯುವವರ ಪಕ್ಕದಲ್ಲೇ ಕೂರಿಸಿದ. ಯಾರ ಬಾವಿಯ ನೀರನ್ನ ಯಾರು ಮುಟ್ಟಬಾರದು ಅನ್ನೋ ಕಥೆ ನಮ್ಮ ಊರುಗಳಿಗೆ ಚೆನ್ನಾಗಿ ಗೊತ್ತು. ಹೊಸದಾಗಿ ಸೇರಿದವರನ್ನ ‘ನೀವು ಯಾವ ಪೈಕಿ?’ ಅಂತ ಸುತ್ತಿ ಬಳಸಿ ಕೇಳೋ ಬಾಯಿ ವಿಶ್ವಾಸಿಯದ್ದಾಗಬಾರದು. ಡಬ್ಬಿ ತಗೊಂಡು ಅವರ ಪಕ್ಕ ಹೋಗಿ ಕೂತ್ಕೊಳ್ಳಿ.

ಮೂರನೆಯದು, ಇದು ಮುಖ್ಯ. ರೂತಳನ್ನ ಮುಟ್ಟಬಾರದು ಅಂತ ಬೋವಜನು ಆಳುಗಳಿಗೆ ಮೊದಲೇ ಅಪ್ಪಣೆ ಕೊಟ್ಟಿದ್ದ. ಅವಳನ್ನ ನಾಚಿಸಬೇಡಿ, ಗದರಿಸಬೇಡಿ ಅಂತಲೂ ಹೇಳಿದ. 22ನೇ ವಚನ ನೋಡಿ, ಬೇರೆ ಹೊಲಗಳಲ್ಲಿ ಸೊಸೆಗೆ ತೊಂದರೆ ಆಗಬಹುದು ಅಂತ ನೊವೊಮಿಗೆ ಗೊತ್ತಿತ್ತು. ಅಂದ್ರೆ ಆ ಕಾಲದಲ್ಲೂ ಈ ಸಮಸ್ಯೆ ಇತ್ತು. ಆದರೆ ಬೋವಜನು ರೂತಳಿಗೆ ಬಟ್ಟೆ ಬಗ್ಗೆ ಪಾಠ ಮಾಡಲಿಲ್ಲ, ನೀನು ಯಾಕೆ ಬಂದೆ ಅಂತ ಕೇಳಲಿಲ್ಲ. ನಿಯಮ ಹಾಕಿದ್ದು ಗಂಡಸರಿಗೆ! ಆಮೆನ್ ಅಂತೀರಾ, ತಮ್ಮಂದಿರೇ?

ನಮ್ಮ ದೇಶದಲ್ಲಿ ಇಂಥ ನಿಯಮ ಬರೋಕೆ ಒಬ್ಬ ತಾಯಿ ಬಹಳ ನೋವು ತಿಂದರು. ರಾಜಸ್ಥಾನದ ಭಂವರಿ ದೇವಿ, ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಕಾರ್ಯಕರ್ತೆ. ಬಾಲ್ಯವಿವಾಹ ತಡೆಯೋಕೆ ಹೋಗಿದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾಯ್ದೆ ಆಯಿತು. ನಾವು ‘ಪಾಶ್’ ಅಂತ ಕರೆಯೋದು ಇದನ್ನೇ.

ಅದರಲ್ಲಿ ಏನಿದೆ? ಇಷ್ಟವಿಲ್ಲದ ಸ್ಪರ್ಶ, ಲೈಂಗಿಕ ಬೇಡಿಕೆ, ಅಶ್ಲೀಲ ಮಾತು, ಅಶ್ಲೀಲ ಚಿತ್ರ ತೋರಿಸೋದು, ಲೈಂಗಿಕ ಅರ್ಥದ ಬೇರೆ ಯಾವುದೇ ವರ್ತನೆ, ಎಲ್ಲವೂ ಕಿರುಕುಳವೇ. ‘ತಮಾಷೆಗೆ ಹೇಳ್ದೆ’ ಅನ್ನೋದು ಉತ್ತರ ಅಲ್ಲ. ಅವರಿಗೆ ಅದು ಬೇಕಿತ್ತಾ ಅನ್ನೋದೇ ಪ್ರಶ್ನೆ. ಹತ್ತು ಅಥವಾ ಹೆಚ್ಚು ಜನ ಇರೋ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷತೆ ಒಬ್ಬ ಮಹಿಳೆಯದ್ದು. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮನೆಗೆಲಸದವರಿಗೂ ಇದು ಅನ್ವಯಿಸುತ್ತೆ. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಡವಾಗಿದ್ದಕ್ಕೆ ತಕ್ಕ ಕಾರಣ ಇದ್ದರೆ ಇನ್ನೂ 3 ತಿಂಗಳು ಸಿಗಬಹುದು. ತಂಗಿಯರೇ, ತಾರೀಖು ಬರೆದಿಡಿ, ಮೆಸೇಜ್ ಅಳಿಸಬೇಡಿ. ಸಹಾಯವಾಣಿ 181.

‘ಬ್ರದರ್, ಸುಳ್ಳು ದೂರು ಕೊಟ್ಟರೆ? ಯೋಸೇಫನಿಗೆ ಆಗಲಿಲ್ವಾ?’ ಅಂತ ಕೆಲವರು ಕೇಳ್ತಾರೆ. ಆಯಿತು. ಅದಕ್ಕೇ ವಿಚಾರಣೆ ಬೇಕು, ಎರಡೂ ಕಡೆ ಕೇಳಬೇಕು. ಪೋಟೀಫರನ ಮನೆಯಲ್ಲಿ ಆ ವಿಚಾರಣೆ ಇರಲಿಲ್ಲ. ಆದರೆ ಆದಿಕಾಂಡ 39ನ್ನ ಇನ್ನೊಂದು ಸಲ ಓದಿ. ಅಧಿಕಾರ ಇದ್ದವರು ದಿನದಿನವೂ ಪೀಡಿಸಿದ್ದು, ಕೆಲಸದಾಳು ಬೇಡ ಬೇಡ ಅಂದಿದ್ದು, ಕೊನೆಗೆ ಜೈಲಿಗೆ ಹೋಗಿದ್ದೂ ಆ ಆಳೇ. ಯೋಸೇಫನೇ ಕಿರುಕುಳಕ್ಕೆ ಒಳಗಾದವನು! ಆ ಅಧ್ಯಾಯ ಹಿಡಿದುಕೊಂಡು ಯಾವ ತಂಗಿಯ ಬಾಯನ್ನೂ ಮುಚ್ಚಿಸಬೇಡಿ.

ಈಗ ಸಭೆಗೆ ಒಂದು ಮಾತು. 2 ಸಮುವೇಲ 13ರಲ್ಲಿ ತಾಮಾರಳಿಗೆ ಅನ್ಯಾಯ ಆದಾಗ ಅಣ್ಣ ಅಬ್ಷಾಲೋಮನು ಸುಮ್ಮನಿರು ಅಂದ. ಅಪ್ಪ ದಾವೀದನಿಗೆ ಬಹಳ ಕೋಪ ಬಂತು, ಆದರೆ ಏನೂ ಮಾಡಲಿಲ್ಲ. ಆಮೇಲೆ ಆ ಮನೆಯಲ್ಲಿ ರಕ್ತವೇ ಹರಿಯಿತು. ‘ಪ್ರಾರ್ಥನೆ ಮಾಡಮ್ಮ, ಸಹಿಸ್ಕೋ’ ಅಂತ ಹೇಳಿ ಕಳಿಸೋ ಸಭೆ ಅದೇ ತಪ್ಪನ್ನ ಮಾಡ್ತಾ ಇದೆ. ಪ್ರಾರ್ಥನೆ ಮಾಡೋಣ, ಖಂಡಿತ. ದೂರು ಬರೆಯೋಕೂ ಪಕ್ಕದಲ್ಲಿ ಕೂರೋಣ. ಪೌಲನನ್ನ ಕೊರಡೆಯಿಂದ ಹೊಡೆಯೋಕೆ ಕಟ್ಟಿದಾಗ, ರೋಮನ್ ಪ್ರಜೆಗೆ ಹೀಗೆ ಮಾಡಬಹುದಾ ಅಂತ ಅವನು ಕಾನೂನನ್ನೇ ಕೇಳಿದ. ಅಪೊಸ್ತಲರ ಕೃತ್ಯಗಳು 22ರಲ್ಲಿದೆ. ಅದು ಅವಿಶ್ವಾಸ ಅಲ್ಲ.

ಇನ್ನೊಂದು ವಿಷಯ. ಟ್ರಸ್ಟ್, ಸೊಸೈಟಿಗಳೂ ಈ ಕಾಯ್ದೆಯೊಳಗೆ ಬರುತ್ತವೆ. ಸಂಬಳ ಇಲ್ಲದೆ ದುಡಿಯೋ ಸ್ವಯಂಸೇವಕರನ್ನೂ ಅದು ಲೆಕ್ಕಕ್ಕೆ ತಗೊಳ್ಳುತ್ತೆ. ಆದ್ದರಿಂದ ವರ್ಶಿಪ್ ಟೀಮ್, ಸಂಡೇ ಸ್ಕೂಲ್, ಪಾಸ್ಟರ್ ರೂಮ್, ಇವೆಲ್ಲಕ್ಕೂ ಬೋವಜನ ನಿಯಮವೇ. ನನಗೂ ಸೇರಿಸಿ. ಯೌವನಸ್ಥೆಯರನ್ನ ಪೂರ್ಣ ಶುದ್ಧ ಮನಸ್ಸಿನಿಂದ ಅಕ್ಕತಂಗಿಯರಂತೆ ಕಾಣಬೇಕು ಅಂತ ಪೌಲನು 1 ತಿಮೊಥೆಯ 5ರಲ್ಲಿ ಕಲಿಸಿದ್ದು ಮೊದಲು ಒಬ್ಬ ಸಭಾಪಾಲಕನಿಗೆ.

ಈ ವಾರ ಎರಡು ಕೆಲಸ ಮಾಡಿ. ನಿಮ್ಮ ಕೆಲಸದ ಜಾಗದಲ್ಲಿ ಸಮಿತಿಯ ಸದಸ್ಯರು ಯಾರು ಅಂತ ತಿಳ್ಕೊಳ್ಳಿ. ಗೆಳೆಯರ ಗ್ರೂಪಲ್ಲಿ ಯಾರಾದ್ರೂ ಒಬ್ಬ ಸಹೋದ್ಯೋಗಿ ಬಗ್ಗೆ ಕೆಟ್ಟ ಜೋಕ್ ಹಾಕಿದ್ರೆ, ನಗೋ ಎಮೋಜಿ ಹಾಕಬೇಡಿ, ‘ಇದು ಬೇಡ ಕಣೋ’ ಅಂತ ಬರೆಯಿರಿ.

ಪ್ರಾರ್ಥನೆ ಮಾಡೋಣ. ತಂದೆಯೇ, ರೂತಳಿಗೆ ಆಶ್ರಯ ಕೊಟ್ಟ ದೇವರೇ, ಭಯದಿಂದ ಕೆಲಸಕ್ಕೆ ಹೋಗೋ ನಮ್ಮ ತಂಗಿಯರಿಗೆ ಬಾಯಿ ಕೊಡು, ನಮಗೆ ಅವರ ಮಾತು ಕೇಳೋ ಕಿವಿ ಕೊಡು. ನಾವಿರೋ ಕೆಲಸದ ಜಾಗ ಬೋವಜನ ಹೊಲದಂತೆ ಆಗಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.