ಪುಟ್ಟ ಮನೆ ಕಟ್ಟುವ ಹವ್ಯಾಸ ಮತ್ತು ಹಿರಿಯರ ಆರೋಗ್ಯ

ನಿವೃತ್ತಿಯ ನಂತರ ದೇಹಕ್ಕೆ ನಡಿಗೆ ಬೇಕು, ನಾಲಗೆಗೆ ಹಿತಮಿತ ಬೇಕು ಎಂದು ವೈದ್ಯರು ಎಲ್ಲರಿಗೂ ಹೇಳುತ್ತಾರೆ. ಕೈಬೆರಳುಗಳಿಗೂ ನಿತ್ಯ ಒಂದು ಕೆಲಸ ಬೇಕೆಂದು ಹೇಳುವವರು ಕಡಿಮೆ. ನಲವತ್ತು ವರ್ಷ ಲೆಕ್ಕ ಬರೆದ, ಬಟ್ಟೆ ಹೊಲಿದ, ಕುಂಟೆ ಹಿಡಿದ ಕೈಗೆ ಒಂದು ದಿನ ಹಠಾತ್ತನೆ ಬಿಡುವು ದೊರೆಯುತ್ತದೆ. ಆ ಬಿಡುವನ್ನು ಈಗ ಬಹುಪಾಲು ಮನೆಗಳಲ್ಲಿ ಟಿ.ವಿ.ಯೂ ಮೊಬೈಲೂ ತುಂಬುತ್ತಿವೆ. ಅಂಥ ಹಿರಿಯರಿಗೆ ಒಪ್ಪುವ ಹವ್ಯಾಸವೊಂದನ್ನು ಇಲ್ಲಿ ವಿಚಾರಿಸೋಣ. ಅದು ಗೊಂಬೆಮನೆ ಕಟ್ಟುವುದು: ನಿಜವಾದ ಮನೆಯನ್ನು ಗೋಡೆ, ಬಾಗಿಲು, ಮಂಚ, ಪಾತ್ರೆಪಗಡೆ ಸಹಿತ ಹನ್ನೆರಡರಲ್ಲಿ ಒಂದು ಪಾಲಿಗೆ ಕಿರಿದಾಗಿಸಿ ಮಾಡುವುದು.

ಹೆಸರಿನಲ್ಲಿ ಗೊಂಬೆಯಿದ್ದರೂ ಇದು ಮೂಲತಃ ಮಕ್ಕಳ ಆಟವಲ್ಲ. ಯೂರೋಪಿನಲ್ಲಿ ಇದು ಹುಟ್ಟಿದ್ದೇ ದೊಡ್ಡವರ ಕೈಯಲ್ಲಿ. ನೆದರ್ಲೆಂಡ್ಸಿನ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬ ಸಿರಿವಂತ ಗೃಹಿಣಿ 1686ರಿಂದ 1710ರವರೆಗೆ ಮಾಡಿಸಿದ ಬೀರುವಿನಂಥ ಗೊಂಬೆಮನೆ ಇಂದಿಗೂ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಆ ದುಡ್ಡಿಗೆ ಅದೇ ಊರಿನ ಕಾಲುವೆಯ ದಂಡೆಯಲ್ಲಿ ನಿಜವಾದ ಮನೆಯನ್ನೇ ಕೊಳ್ಳಬಹುದಿತ್ತೆಂದು ಹೇಳುವುದುಂಟು. ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿರುವ ರಾಣಿ ಮೇರಿಯ ಗೊಂಬೆಮನೆ 1924ರಲ್ಲಿ ಪೂರ್ಣಗೊಂಡಿತು. ಅದರ ನಲ್ಲಿಯಲ್ಲಿ ನೀರು ಬರುತ್ತದೆ, ದೀಪ ಉರಿಯುತ್ತದೆ, ಲಿಫ್ಟು ಏರಿಳಿಯುತ್ತದೆ. ಗ್ರಂಥಾಲಯದ ಪುಟಾಣಿ ಪುಸ್ತಕಗಳಲ್ಲಿ ಷರ್ಲಾಕ್ ಹೋಮ್ಸ್ ಖ್ಯಾತಿಯ ಕೋನನ್ ಡಾಯ್ಲ್ ಅದಕ್ಕೆಂದೇ ಬರೆದ ಕಥೆಯೊಂದಿದೆ. ಇದನ್ನು ರೂಪಿಸಿದ ಎಡ್ವಿನ್ ಲಟ್ಯೆನ್ಸ್ ಅದೇ ವರ್ಷಗಳಲ್ಲಿ ದೆಹಲಿಯಲ್ಲಿ ಇಂದಿನ ರಾಷ್ಟ್ರಪತಿ ಭವನವನ್ನೂ ಕಟ್ಟಿಸುತ್ತಿದ್ದರು.

ನಮ್ಮ ವಿಷಯಕ್ಕೆ ಇವೆರಡಕ್ಕಿಂತ ಹೆಚ್ಚು ಸಲ್ಲುವ ಉದಾಹರಣೆ ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ ಅವರದು. 1878ರಲ್ಲಿ ಹುಟ್ಟಿದ ಈ ಮಹಿಳೆ 1940ರ ದಶಕದಲ್ಲಿ, ಅಂದರೆ ತಮ್ಮ ಅರವತ್ತರ ವಯಸ್ಸು ದಾಟಿದ ಮೇಲೆ, ಸಂಶಯಾಸ್ಪದ ಸಾವುಗಳು ನಡೆದ ಕೋಣೆಗಳನ್ನು ಒಂದಡಿಗೆ ಒಂದಂಗುಲದ ಪ್ರಮಾಣದಲ್ಲಿ ಮರುಸೃಷ್ಟಿಸಿದರು. ಪೊಲೀಸರು ಆ ಕೋಣೆಗಳ ಮುಂದೆ ನಿಂತು ಗಡಿಯಾರ, ಕಿಟಕಿ, ಹಾಸಿಗೆಯ ಮಡಿಕೆಗಳನ್ನು ಕಣ್ಣಿಟ್ಟು ನೋಡಿ ಸಾವಿನ ಕಾರಣ ಊಹಿಸಲು ಕಲಿಯಬೇಕಿತ್ತು. ಅವುಗಳಲ್ಲಿ 18 ಕೋಣೆಗಳು ಬಾಲ್ಟಿಮೋರ್ ನಗರದ ಮರಣೋತ್ತರ ಪರೀಕ್ಷಾ ಕಚೇರಿಯಲ್ಲಿ ಉಳಿದಿವೆ. ಅರವತ್ತರ ನಂತರ ಬೆರಳೂ ದೃಷ್ಟಿಯೂ ಬುದ್ಧಿಯೂ ಒಟ್ಟಿಗೆ ಎಷ್ಟು ಸೂಕ್ಷ್ಮವಾಗಿ ದುಡಿಯಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮಲ್ಲಿ ಇದರ ನೆರೆಯ ಕಲೆ ದಸರಾ ಗೊಂಬೆ ಕೂರಿಸುವುದು. ಮೈಸೂರು ಸೀಮೆಯ ಮನೆಗಳಲ್ಲಿ ಮೆಟ್ಟಿಲುಗಳ ಬದಿಗೆ ರಾಗಿ ಮೊಳಕೆಯ ಹೊಲ, ಬಾವಿ, ಸಂತೆ, ಮದುವೆ ಚಪ್ಪರಗಳನ್ನು ಕೈಯಾರೆ ಜೋಡಿಸಿದವರಿಗೆ ಈ ಹವ್ಯಾಸ ಹೊಸದೆನಿಸದು. ಆದರೆ ಅದು ಹತ್ತು ದಿನಗಳದು. ಗೊಂಬೆಮನೆ ವರ್ಷವಿಡೀ ನಡೆಯುವಂಥದು.

ಕೆಲಸದ ಸ್ವರೂಪ

ಪ್ರಮಾಣವೇ ಇದರ ಪಾಠ. ಒಂದಡಿಗೆ ಒಂದಂಗುಲವೆಂದರೆ ಏಳಡಿಯ ಬಾಗಿಲು ಏಳಂಗುಲ, ಎರಡೂವರೆ ಅಡಿ ಎತ್ತರದ ಮೇಜು ಎರಡೂವರೆ ಅಂಗುಲ, ಒಂಬತ್ತು ಅಂಗುಲದ ಇಟ್ಟಿಗೆ ಮುಕ್ಕಾಲು ಅಂಗುಲ. ತಾವು ಹುಟ್ಟಿ ಬೆಳೆದ ಮನೆಯನ್ನೇ ಆರಿಸಿಕೊಂಡರೆ ಉತ್ತಮ. ಪಡಸಾಲೆ ಎಷ್ಟು ಉದ್ದವಿತ್ತು, ಕಟ್ಟೆಗೆ ಎಷ್ಟು ಮೆಟ್ಟಿಲಿದ್ದವು, ಬೀಸುವ ಕಲ್ಲು ಯಾವ ಮೂಲೆಯಲ್ಲಿತ್ತು ಎಂದು ನೆನಪು ಮಾಡಿಕೊಳ್ಳುವಾಗ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ನಾಲ್ಕು ಸಲ ಫೋನು ಮಾಡಬೇಕಾಗುತ್ತದೆ. ಆ ಮಾತುಕತೆಯೂ ಔಷಧಿಯೇ.

ಸಾಮಗ್ರಿಗೆ ಹೆಚ್ಚು ಖರ್ಚಿಲ್ಲ. ದಪ್ಪ ರಟ್ಟು, ಹಳೆಯ ಲಗ್ನಪತ್ರಿಕೆ, ಐಸ್‌ಕ್ರೀಮ್ ಕಡ್ಡಿ, ಬಿದಿರಿನ ಸೀಳು, ಬಟ್ಟೆಯ ಚೂರು ಸಾಕು. ಬಟ್ಟೆಯ ವಿಷಯದಲ್ಲಿ ಹಲವರು ಎಡವುತ್ತಾರೆ. ಇಳಕಲ್ ಸೀರೆಯ ಅಂಚು ಎಷ್ಟೇ ಅಂದವಿದ್ದರೂ ಆರಂಗುಲದ ಮಂಚದ ಮೇಲೆ ಅದರ ಚಿತ್ತಾರ ರಾಕ್ಷಸಾಕಾರವಾಗಿ ಕಾಣುತ್ತದೆ. ಸಣ್ಣ ಬುಟ್ಟಾ ಇರುವ ಗುಳೇದಗುಡ್ಡದ ಖಣದ ತುಂಡು ಸರಿಹೊಂದುತ್ತದೆ.

ದೊರೆಯುವ ಪ್ರಯೋಜನ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ನಡೆಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. 16 ದೇಶಗಳ, 65 ವರ್ಷ ಮೀರಿದ 93,263 ಜನರ ಮಾಹಿತಿಯನ್ನು ಅದರಲ್ಲಿ ಪರಿಶೀಲಿಸಲಾಗಿತ್ತು. ಯಾವುದಾದರೊಂದು ಹವ್ಯಾಸ ಉಳ್ಳವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿಯೂ ಸಂತೋಷ ಮತ್ತು ಬಾಳಿನ ತೃಪ್ತಿ ಹೆಚ್ಚಾಗಿಯೂ ಕಂಡುಬಂದವು. ಹವ್ಯಾಸವೇ ಇದಕ್ಕೆಲ್ಲ ಕಾರಣವೆಂದು ಇಷ್ಟರಿಂದ ಸಿದ್ಧವಾಗದು. ಆರೋಗ್ಯವಾಗಿರುವವರೇ ಹವ್ಯಾಸಕ್ಕೆ ತೊಡಗುವುದೂ ಇರುತ್ತದೆ. ಗೊಂಬೆಮನೆ ಕಟ್ಟಿದರೆ ಮರೆವಿನ ಕಾಯಿಲೆ ಬಾರದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ನಿಶ್ಚಿತವಾಗಿ ಹೇಳಬಹುದಾದದ್ದು ಇಷ್ಟು. ಹೆಬ್ಬೆರಳು ಮತ್ತು ತೋರುಬೆರಳು ಕೂಡಿ ಚಿಕ್ಕ ವಸ್ತುವನ್ನು ಹಿಡಿಯುವ ಶಕ್ತಿಯೇ ಗುಂಡಿ ಹಾಕಿಕೊಳ್ಳಲು, ಮಾತ್ರೆ ಬಿಡಿಸಲು, ಬೀಗ ತೆಗೆಯಲು ಬೇಕಾಗುವ ಶಕ್ತಿ. ಬಳಸದ ಸ್ನಾಯು ಸೊರಗುತ್ತದೆ. ಪಾರ್ಶ್ವವಾಯುವಿನ ನಂತರ ಕೈಗೆ ಚಲನೆ ಮರಳಿಸಲು ಚಿಕಿತ್ಸಕರು ಗೋಲಿ, ಮಣಿ, ಗೂಟಗಳನ್ನು ಎತ್ತಿ ಇರಿಸುವ ಅಭ್ಯಾಸ ಮಾಡಿಸುವುದು ಇದಕ್ಕಾಗಿಯೇ. ಇನ್ನು ಮನಸ್ಸಿನ ಮಾತು. ಕೌಶಲಕ್ಕೆ ತಕ್ಕಷ್ಟೇ ಕಷ್ಟವಿರುವ ಕೆಲಸದಲ್ಲಿ ಮನುಷ್ಯ ಹೊತ್ತನ್ನು ಮರೆತು ತಲ್ಲೀನನಾಗುತ್ತಾನೆಂದು ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞರು ವಿವರಿಸಿದ್ದಾರೆ. ಸಂಗಾತಿಯನ್ನು ಕಳೆದುಕೊಂಡವರಿಗೆ, ಮಕ್ಕಳು ದೂರದ ಊರಿನಲ್ಲಿರುವವರಿಗೆ ಸಂಜೆಯ ಆ ಒಂದು ಗಂಟೆ ಎಷ್ಟು ದೊಡ್ಡದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಹೊತ್ತು ಮರೆಯುವುದರಲ್ಲಿಯೇ ಅಪಾಯವೂ ಇದೆ. ದೇಹ ಕೊಡುವ ಸೂಚನೆಗಳೂ ಆಗ ಮರೆಯುತ್ತವೆ.

ಕಣ್ಣು ಮತ್ತು ಕತ್ತು

ನಲವತ್ತರ ನಂತರ ಚಾಳೀಸು ಬರುವುದು ಸಹಜ. ಓದಲು ಕೊಟ್ಟ ಕನ್ನಡಕದಿಂದ ಒಂದು ಮಿಲಿಮೀಟರಿನ ಕೆಲಸ ಆಗದು. ಕೈಗಳೆರಡೂ ಬಿಡುವಾಗಿರುವಂತೆ ನಿಲುವಿನ ಮೇಲೆ ಕೂರಿಸಿದ ಭೂತಗನ್ನಡಿ ಮತ್ತು ಎಡಬದಿಯಿಂದ ಬೀಳುವ ಬೆಳಕು ಬೇಕು. ಎಡಗೈ ಬಳಸುವವರಿಗೆ ಬೆಳಕು ಬಲದಿಂದ ಬರಲಿ. ಹತ್ತಿರದ ವಸ್ತುವನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗಿ ಉರಿಯುತ್ತದೆ. ಆದುದರಿಂದ 20 ನಿಮಿಷಗಳಿಗೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕು. ಎಷ್ಟು ಬೆಳಕಿದ್ದರೂ ಮಂಜು ಕವಿದಂತೆ ಕಂಡರೆ ಹೊಸ ದೀಪ ಕೊಳ್ಳುವ ಮೊದಲು ಪೊರೆ ಬಂದಿದೆಯೇ ಎಂದು ಕಣ್ಣು ತೋರಿಸಿಕೊಳ್ಳುವುದು ಲೇಸು.

ನಮ್ಮ ತಲೆಯ ತೂಕ ಸುಮಾರು ಐದು ಕಿಲೋ. ಅದನ್ನು ಬಗ್ಗಿಸಿ ಹಿಡಿದಷ್ಟೂ ಕತ್ತಿನ ಸ್ನಾಯುಗಳ ಮೇಲೆ ಭಾರ ಹೆಚ್ಚು. ನೆಲದ ಮೇಲೆ ಕುಳಿತು ಬಾಗಿ ಮಾಡುವುದು ಈ ಕೆಲಸಕ್ಕೆ ತಕ್ಕದ್ದಲ್ಲ. ಮೇಜಿನ ಮೇಲೆ ಒಂದು ಮಣೆ ಇಟ್ಟು ಕೆಲಸವನ್ನೇ ಎದೆಯ ಮಟ್ಟಕ್ಕೆ ಏರಿಸಿ, ಮೊಣಕೈಗಳಿಗೆ ಆಸರೆ ಕೊಡಬೇಕು. ಆಸರೆಯಿದ್ದರೆ ಕೈನಡುಕವೂ ಒಂದಿಷ್ಟು ತಗ್ಗುತ್ತದೆ. ಬೆರಳ ಗಂಟುಗಳಲ್ಲಿ ಸಂಧಿವಾತ ಇರುವವರು ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ನೋವು ಕಡಿಮೆ.

ಅಂಟು, ಧೂಳು, ಅಲಗು

ರಟ್ಟಿಗೂ ಮರಕ್ಕೂ ನೀರಿನಲ್ಲಿ ಕರಗುವ ಬಿಳಿ ಅಂಟು ಸಾಕು. ಚಪ್ಪಲಿ ಅಂಟಿಸುವ ಘಾಟಿನ ಅಂಟು, ಥಿನ್ನರ್, ಸ್ಪ್ರೇ ಬಣ್ಣಗಳ ಆವಿ ತಲೆನೋವು, ತಲೆಸುತ್ತು ತರುತ್ತದೆ. ದಮ್ಮು ಇರುವವರಿಗೆ ಉಬ್ಬಸ ಕೆರಳಿಸುತ್ತದೆ. ಅನಿವಾರ್ಯವಾದರೆ ಜಗಲಿಯಲ್ಲೋ ಮಾಳಿಗೆಯ ಮೇಲೋ ಬಳಸಬೇಕು. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಆ ಭಯ ಮುಖ್ಯವಾಗಿ ವರ್ಷಗಟ್ಟಲೆ ಧೂಳಿನಲ್ಲಿ ದುಡಿಯುವವರದು. ಆದರೂ ಎಂ.ಡಿ.ಎಫ್. ಹಲಗೆಯನ್ನು ಉಜ್ಜುವಾಗ ಅದರ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಧೂಳಿನೊಡನೆ ಸೇರುವುದರಿಂದ ಮುಖಗವಸು ತೊಡುವುದು, ಒದ್ದೆ ಬಟ್ಟೆಯಿಂದ ಒರೆಸುವುದು ಒಳ್ಳೆಯದು. ಅಟ್ಟದ ಮೇಲಿನ ಹಳೆಯ ಬಣ್ಣದ ಡಬ್ಬಿಯನ್ನು ತೆಗೆಯಬಾರದು. ಮನೆಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು 90 ಪಿಪಿಎಮ್‌ಗೆ ಮಿತಿಗೊಳಿಸುವ ನಿಯಮ ನಮ್ಮ ದೇಶದಲ್ಲಿ ಬಂದಿದ್ದು 2016ರಲ್ಲಿ; ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು.

ಕ್ಷಣದಲ್ಲಿ ಹಿಡಿಯುವ ಅಂಟು ಬೆರಳಿಗೆ ಬೆರಳನ್ನೇ ಕೂಡಿಸುತ್ತದೆ. ಆಗ ಎಳೆಯಬಾರದು. ಬೆಚ್ಚಗಿನ ಸೋಪುನೀರಿನಲ್ಲಿ ನೆನೆಸಿ ಮೆಲ್ಲನೆ ಬಿಡಿಸಬೇಕು. ಹತ್ತಿ ಅಥವಾ ಹತ್ತಿ ಬಟ್ಟೆಗೆ ಈ ಅಂಟು ತಗುಲಿದರೆ ಸುಡುವಷ್ಟು ಬಿಸಿ ಹುಟ್ಟುತ್ತದೆ. ಆದುದರಿಂದ ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಬಾರದು. ಕಣ್ಣಿಗೆ ಸಿಡಿದರೆ ರೆಪ್ಪೆಗಳನ್ನು ಬಲವಂತವಾಗಿ ತೆರೆಯದೆ ನೀರಿನಿಂದ ತೊಳೆದು ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಮೊಂಡಾದ ಅಲಗು ಹರಿತವಾದದ್ದಕ್ಕಿಂತ ಅಪಾಯಕಾರಿ, ಏಕೆಂದರೆ ಹೆಚ್ಚು ಒತ್ತಬೇಕಾಗುತ್ತದೆ, ಒತ್ತಿದಾಗ ಜಾರುತ್ತದೆ. ಬಹುಕಾಲದಿಂದ ಮಧುಮೇಹವಿದ್ದು ಬೆರಳ ಸ್ಪರ್ಶ ಮಂದವಾದವರಿಗೆ ಗಾಯವಾದದ್ದೇ ತಿಳಿಯದಿರಬಹುದು. ಅವರು ಕೆಲಸ ಮುಗಿದ ಮೇಲೆ ಕೈಗಳನ್ನು ಒಮ್ಮೆ ನೋಡಿಕೊಳ್ಳಬೇಕು. ರಕ್ತ ತಿಳಿಯಾಗಿಸುವ ಮಾತ್ರೆ ಸೇವಿಸುವವರು ಕೊಯ್ಯುವ ಕೆಲಸವನ್ನು ಮನೆಯ ಕಿರಿಯರಿಗೆ ಒಪ್ಪಿಸುವುದು ಉತ್ತಮ.

ಮೊಮ್ಮಕ್ಕಳ ವಿಷಯ

ಇನ್ನು ಉಳಿದದ್ದು ಎಲ್ಲಕ್ಕಿಂತ ಗಂಭೀರವಾದುದು. ಅಜ್ಜ, ಅಜ್ಜಿಯರು ಪುಟ್ಟ ಮನೆ ಕಟ್ಟುವುದು ಬಹಳ ಸಲ ಮೊಮ್ಮಗುವಿನ ಸಂತೋಷಕ್ಕಾಗಿ. ಆದರೆ ಆ ಮನೆಯೊಳಗಿನ ತಟ್ಟೆ, ಚೊಂಬು, ಗುಂಡಿಗಳೆಲ್ಲ ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಸಿಕ್ಕುವ ಗಾತ್ರದವು. ಸುಮಾರು 32 ಮಿಲಿಮೀಟರು ಅಡ್ಡಳತೆಯ ಚಿಕ್ಕ ಕೊಳವೆಯೊಳಗೆ ಹಿಡಿಸುವ ಯಾವ ವಸ್ತುವೂ ಅಂಥ ಮಗುವಿನ ಕೈಗೆ ಹೋಗಬಾರದೆಂಬುದು ಆಟಿಕೆ ತಯಾರಕರು ಅನುಸರಿಸುವ ಅಳತೆ. ಬಾಗಿಲು ಮುಚ್ಚಲು ಬಳಸುವ ಪುಟ್ಟ ಆಯಸ್ಕಾಂತಗಳು ಇನ್ನೂ ಕೆಟ್ಟವು: ಎರಡನ್ನು ನುಂಗಿದರೆ ಕರುಳಿನ ಎರಡು ಸುರುಳಿಗಳ ನಡುವೆ ಒಂದನ್ನೊಂದು ಸೆಳೆದು ಹಿಡಿದು ಕರುಳಿಗೆ ತೂತು ಮಾಡುತ್ತವೆ.

ಅತ್ಯಂತ ಅಪಾಯಕಾರಿಯಾದುದು ಪುಟ್ಟ ದೀಪಗಳಿಗೆ ಹಾಕುವ ಬಿಲ್ಲೆಯಂಥ ಬ್ಯಾಟರಿ. ಸಿ.ಆರ್. 2032 ಎಂಬ ಗುರುತಿನ 20 ಮಿಲಿಮೀಟರಿನ ಬಿಲ್ಲೆ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿನ ತೇವದಲ್ಲಿ ವಿದ್ಯುತ್ ಹರಿದು ಕ್ಷಾರ ಉಂಟಾಗಿ ಎರಡು ಗಂಟೆಗಳೊಳಗೆ ಅನ್ನನಾಳ ಸುಡತೊಡಗುತ್ತದೆ. ದೀಪ ಉರಿಸಲಾರದಷ್ಟು ಸವೆದ ಬಿಲ್ಲೆಯಲ್ಲಿಯೂ ಇದಕ್ಕೆ ಸಾಕಷ್ಟು ಶಕ್ತಿ ಉಳಿದಿರುತ್ತದೆ. ಮಗು ನುಂಗಿದ್ದನ್ನು ಯಾರೂ ಕಾಣದೆ ಇರಬಹುದು. ಜೊಲ್ಲು ಸುರಿಸುವುದು, ಕೆಮ್ಮು, ಊಟ ಬೇಡವೆನ್ನುವುದಷ್ಟೇ ಲಕ್ಷಣವಾಗಿರಬಹುದು. ಮನೆಯಲ್ಲಿ ಇಂಥ ಒಂದು ಬಿಲ್ಲೆ ಕಾಣೆಯಾಗಿದ್ದರೆ ಕಾಯುವಂತಿಲ್ಲ. ವಾಂತಿ ಮಾಡಿಸಬಾರದು, ಬಾಳೆಹಣ್ಣು ತಿನ್ನಿಸಿದರೆ ಕೆಳಗಿಳಿಯುತ್ತದೆಂದು ಕೂರಬಾರದು. ವೈದ್ಯರು ಹೇಳದೆ ಏನನ್ನೂ ಕೊಡದೆ, 108ಕ್ಕೆ ಕರೆ ಮಾಡಿಯೋ ಸಿಕ್ಕ ವಾಹನದಲ್ಲಿಯೋ ಎಕ್ಸ್-ರೇ ಹಾಗೂ ಎಂಡೋಸ್ಕೋಪಿ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ಬ್ಯಾಟರಿಯ ಖಾಲಿ ಪೊಟ್ಟಣ ಸಿಕ್ಕರೆ ಅದನ್ನೂ ಒಯ್ದರೆ ವೈದ್ಯರಿಗೆ ಅನುಕೂಲ. ಮೂಗಿಗೋ ಕಿವಿಗೋ ತುರುಕಿಕೊಂಡಿದ್ದರೂ ಅಷ್ಟೇ ತುರ್ತು.

ಆದುದರಿಂದ ಚಿಕ್ಕ ಮಕ್ಕಳು ಬಂದುಹೋಗುವ ಮನೆಯಲ್ಲಿ ಗೊಂಬೆಮನೆಯ ದೀಪಗಳಿಗೆ ಬಿಲ್ಲೆ ಬ್ಯಾಟರಿ ಬೇಡವೇ ಬೇಡ. 5 ವೋಲ್ಟಿನ ಮೊಬೈಲ್ ಚಾರ್ಜರಿಗೆ ಸಿಕ್ಕಿಸುವ ಎಲ್.ಇ.ಡಿ. ಎಳೆಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಅವುಗಳ ತಂತಿಯನ್ನು ಹಿಂಗೋಡೆಯಿಂದ ಹೊರತೆಗೆದರೆ ಸಾಕು. ಮನೆಯಲ್ಲಿ ಹಳೆಯ ಬಿಲ್ಲೆಗಳಿದ್ದರೆ ಎರಡೂ ಬದಿಗೆ ಅಂಟುಪಟ್ಟಿ ಸುತ್ತಿ ಆ ದಿನವೇ ವಿಲೇವಾರಿ ಮಾಡಬೇಕು. ಮುಗಿದ ಗೊಂಬೆಮನೆಯನ್ನು ಗಾಜಿನ ಬಾಗಿಲಿನ ಬೀರುವಿನಲ್ಲಿ, ಮಗು ನೋಡುವಷ್ಟು ತಗ್ಗಿಗೆ, ಆದರೆ ಬೀಗ ಹಾಕಿ ಇರಿಸಬಹುದು. ಎರಡು ವರ್ಷದ ಮೊಮ್ಮಗುವಿಗೆ ಬೇರೊಂದು ಮನೆ ಮಾಡಿಕೊಡಲಿ: ಫ್ರಿಜ್ಜು ಬಂದ ರಟ್ಟಿನ ಪೆಟ್ಟಿಗೆಗೆ ಒಂದು ಬಾಗಿಲು, ಎರಡು ಕಿಟಕಿ ಕೊರೆದರೆ ಮಗು ತಾನೇ ಒಳಗೆ ಹೋಗಿ ಕೂರುತ್ತದೆ.