ಕಾರಿನ ಸದ್ದು ಹಿಡಿಯುವುದು: ಸಿಮೆಂಟ್ ಸೀಮೆಯ ಹೊಸ ಚಾಲಕರಿಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಕಾರಿಗೆ ಸುಖವಿಲ್ಲ. ಸಿಮೆಂಟ್ ತುಂಬಿದ ಬಲ್ಕರ್, ಸುಣ್ಣಕಲ್ಲಿನ ಟಿಪ್ಪರ್, ಶಹಾಬಾದಿ ಫರಸಿ ಹೇರಿದ ಲಾರಿ ಎಲ್ಲ ಸೇರಿ ರಸ್ತೆ ಕೆಡಿಸುತ್ತವೆ. ಕೆಟ್ಟ ರಸ್ತೆ ಕಾರು ಕೆಡಿಸುತ್ತದೆ. ಹೊಸದೊಂದು ಸದ್ದು ಶುರುವಾದರೆ ಅದು ಹೇಗಿದೆ ಎಂದು ವರ್ಣಿಸಲು ಹೋಗಬೇಡಿ. ಒಬ್ಬರ ಕಿವಿಗೆ ಟಕಟಕ ಎಂದದ್ದು ಇನ್ನೊಬ್ಬರಿಗೆ ಕಟಕಟ. ಯಾವಾಗ ಬರುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಎಂಬುದನ್ನು ಹಿಡಿದರೆ ಅರ್ಧ ಕೆಲಸ ಮುಗಿಯಿತು.

ಹಂತ 1: ಕಾರು ಖಾಲಿ ಮಾಡಿ

ಡಿಕ್ಕಿಯಲ್ಲಿರುವ ಜ್ಯಾಕ್, ಪಾನಾ, ನೀರಿನ ಕ್ಯಾನು, ಬಾಗಿಲಿನ ಬಾಟಲಿ ಎಲ್ಲ ಹೊರಗಿಡಿ. ಹಿಂದಿನ ಸೀಟಿನ ಬೆಲ್ಟಿನ ಬಕಲ್ ಪ್ಲಾಸ್ಟಿಕ್ಕಿಗೆ ಬಡಿಯುತ್ತಿದೆಯೇ ನೋಡಿ. ಗ್ಯಾರೇಜಿಗೆ ಹೋಗಿ ಜ್ಯಾಕ್ ಬಿಗಿಸಿಕೊಂಡು ಬಂದವರು ಕಡಿಮೆಯೇನಿಲ್ಲ.

ಆಮೇಲೆ ಟೈರು. ಫರಸಿ ಗಣಿಗಳ ಹತ್ತಿರ ಓಡಾಡುವ ಗಾಡಿಯ ಟೈರಿನ ಗೆರೆಗಳಲ್ಲಿ ಕಲ್ಲಿನ ಚೂರು ಸಿಕ್ಕಿಕೊಳ್ಳುವುದು ಮಾಮೂಲು. ವೇಗ ಹೆಚ್ಚಿದಷ್ಟೂ ಟಿಕ್ ಟಿಕ್ ಬೇಗಬೇಗ ಬರುತ್ತದೆ. ಸ್ಕ್ರೂಡ್ರೈವರಿನಿಂದ ಎಬ್ಬಿಸಿ. ಕಲ್ಲಲ್ಲ, ಮೊಳೆ ಎಂದು ಕಂಡರೆ ಕೀಳಬೇಡಿ, ಹಾಗೆಯೇ ಪಂಕ್ಚರ್ ಅಂಗಡಿಗೆ ಒಯ್ಯಿರಿ. ಮಳೆಗಾಲದಲ್ಲಿ ಹೊಲದ ದಾರಿಯಿಂದ ಬಂದಿದ್ದರೆ ರಿಮ್ಮಿನ ಒಳಬದಿಯನ್ನೂ ನೋಡಿ. ಅಲ್ಲಿ ಎರೆಮಣ್ಣು ಒಂದೇ ಕಡೆ ಅಂಟಿ ಒಣಗಿದರೆ ಚಕ್ರದ ತೂಕ ಏರುಪೇರಾಗಿ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ವೀಲ್ ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡುವ ಮೊದಲು ಒಂದು ಬಕೆಟ್ ನೀರು ಹಾಕಿ ತೊಳೆಯಿರಿ.

ಹಂತ 2: ನಿಂತಲ್ಲೇ ಕೇಳಿ

ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಈ ಕೆಲಸ ಮಾಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿಕೊಳ್ಳಿ. ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಬಾನೆಟ್ ತೆರೆದು, ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ. ಸೆರಗು, ದುಪಟ್ಟಾ, ಟವೆಲು ಬೆಲ್ಟಿನ ಹತ್ತಿರ ಸುಳಿಯಬಾರದು. ರೇಡಿಯೇಟರ್ ಫ್ಯಾನು ಹೇಳದೆ ಕೇಳದೆ ತಿರುಗತೊಡಗುತ್ತದೆ, ಎಷ್ಟೋ ಗಾಡಿಗಳಲ್ಲಿ ಎಂಜಿನ್ ಆರಿಸಿದ ಮೇಲೂ.

ಸ್ಟಾರ್ಟ್ ಆದ ಕೂಡಲೇ ಕೀಚ್ ಎಂದು ಕೂಗಿ ಸುಮ್ಮನಾದರೆ ಫ್ಯಾನ್ ಬೆಲ್ಟ್ ಸಡಿಲಾಗಿದೆ, ಇಲ್ಲವೇ ಹಳೆಯದಾಗಿದೆ. ಒಂದು ನಿರ್ದಿಷ್ಟ ರೇಸಿನಲ್ಲಿ ಮಾತ್ರ ತೆಳು ತಗಡು ಗುಂಯ್‌ಗುಟ್ಟಿದರೆ ಸೈಲೆನ್ಸರಿನ ಮೇಲಿನ ಹೀಟ್ ಶೀಲ್ಡ್ ಮೇಲೆ ಅನುಮಾನ ಪಡಿ. ಅದಕ್ಕೆ ಹೆದರಬೇಕಿಲ್ಲ, ಒಂದು ಕ್ಲ್ಯಾಂಪಿನ ಕೆಲಸ. ಎಂಜಿನ್ ಮೇಲ್ಭಾಗದಲ್ಲಿ ಟಕ್ ಟಕ್ ಬಂದು, ಆಯಿಲ್ ಮಟ್ಟವೂ ಇಳಿದಿದ್ದರೆ ತುಂಬಿಸಿ ಮತ್ತೆ ಕೇಳಿ. ಒಳಗಿಂದ ಭಾರವಾದ ಬಡಿತ ಬರುತ್ತ ಆಯಿಲ್‌ನ ಕೆಂಪು ದೀಪವೂ ಹತ್ತಿತೋ, ಆ ಕ್ಷಣವೇ ಎಂಜಿನ್ ಆರಿಸಿ. "ಇಲ್ಲೇ ವಾಡಿ ತನಕ ಹೋಗೋಣ" ಎಂಬ ಆಸೆ ಇಡೀ ಎಂಜಿನ್ನನ್ನೇ ತಿನ್ನಬಹುದು.

ಹಂತ 3: ಎಂಜಿನ್ನೋ ಚಕ್ರವೋ

ಖಾಲಿ ರಸ್ತೆಯಲ್ಲಿ 40 ಕಿಲೋಮೀಟರ್ ವೇಗದಲ್ಲಿ ಮೂರನೇ ಗೇರಿನಲ್ಲಿ ಹೋಗಿ. ಅದೇ ವೇಗದಲ್ಲಿ ನಾಲ್ಕಕ್ಕೆ ಹಾಕಿ. ಈಗ ಎಂಜಿನ್ ನಿಧಾನ, ಚಕ್ರದ ವೇಗ ಮೊದಲಿನಷ್ಟೇ. ಸದ್ದು ಬದಲಾದರೆ ಎಂಜಿನ್ ಕಡೆಯದು, ಬದಲಾಗದಿದ್ದರೆ ಚಕ್ರದ ಕಡೆಯದು. ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಗೊತ್ತಿಲ್ಲ.

ಚಕ್ರದ ಕಡೆಯದಾದರೆ ಟೈರೋ ಬೇರಿಂಗೋ ನೋಡಬೇಕು. ಡಾಂಬರಿನಿಂದ ಸಿಮೆಂಟ್ ರಸ್ತೆಗೆ ಇಳಿದಾಗ ಗುಂಯ್‌ಕಾರ ಬದಲಾದರೆ ಅದು ಟೈರಿನದು. ಎಂಥ ರಸ್ತೆಯಲ್ಲೂ ಒಂದೇ ಸಮ ಇದ್ದು, ತಿರುವಿನಲ್ಲಿ ಏರಿಳಿದರೆ ವೀಲ್ ಬೇರಿಂಗ್. ಬಲಕ್ಕೆ ತಿರುಗಿದಾಗ ಭಾರ ಎಡಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಸಾಮಾನ್ಯವಾಗಿ ಎಡಗಡೆಯ ಬೇರಿಂಗ್ ಸವೆದಿರುತ್ತದೆ. ಕಾಗಿಣಾ ತುಂಬಿ ಸೇತುವೆಗಳ ಮೇಲೆ ನೀರು ಹರಿಯುವ ದಿನಗಳಲ್ಲಿ ಗಾಡಿ ನೀರಿಗಿಳಿಸಿದವರಿಗೆ ಈ ಸದ್ದು ಕೆಲ ವಾರಗಳ ನಂತರ ಕೇಳಿಸಬಹುದು. ನೀರು ಸೀಲ್ ದಾಟಿ ಗ್ರೀಸ್ ಕೆಡಿಸಿರುತ್ತದೆ. (ಸೇತುವೆ ಮೇಲೆ ನೀರಿದ್ದಾಗ ಗಾಡಿ ಇಳಿಸಲೇಬಾರದು ಎಂಬುದು ಬೇರೆ ಮಾತು.)

ಸದ್ದು ಯಾವ ಬದಿಯದು ಎಂದು ತಿಳಿಯದಿದ್ದರೆ ಗಾಜು ಇಳಿಸಿ, ಉದ್ದನೆಯ ಕಂಪೌಂಡ್ ಗೋಡೆಯ ಪಕ್ಕ ನಿಧಾನ ಹೋಗಿ, ಆಮೇಲೆ ಎದುರು ದಿಕ್ಕಿನಿಂದ ಬನ್ನಿ. ಗೋಡೆ ಆ ಬದಿಯ ಸದ್ದನ್ನು ಮರಳಿಸುತ್ತದೆ.

ಹಂತ 4: ಬ್ರೇಕ್

ಮಳೆಯ ರಾತ್ರಿ ಕಳೆದ ಬೆಳಿಗ್ಗೆ ಮೊದಲ ಎರಡು-ಮೂರು ಬ್ರೇಕಿಗೆ ಕೆರೆದಂತಾಗುವುದು ಡಿಸ್ಕಿನ ಮೇಲಿನ ತೆಳು ತುಕ್ಕು, ಬಿಟ್ಟುಬಿಡಿ. ಪ್ರತಿ ಸಲ ಕೀರಲು ಕೂಗು ಬಂದರೆ ಪ್ಯಾಡ್ ಸವೆದಿರಬಹುದು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಗರಗರ ಬಂದರೆ ದೂರ ಓಡಿಸಬೇಡಿ. ಬ್ರೇಕ್ ಒತ್ತದಿದ್ದರೂ ಒಮ್ಮೆಗೇ ಕಿವಿ ಸೀಳುವ ಸದ್ದು ಬಂದರೆ ಡಿಸ್ಕಿಗೂ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿರಬಹುದು. ನಮ್ಮ ಕಡೆ ಇದು ಬಹಳ. ಹಿಂದೆ ಮುಂದೆ ನೋಡಿಕೊಂಡು ಸ್ವಲ್ಪ ರಿವರ್ಸ್ ತೆಗೆದರೆ ಎಷ್ಟೋ ಸಲ ತಾನೇ ಉದುರುತ್ತದೆ.

ಹಂತ 5: ಹಂಪು, ತಿರುವು

ಖಾಲಿ ಮೈದಾನದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿ. ಕಟ್ ಕಟ್ ಬಂದರೆ ಆಕ್ಸಲ್ಲಿನ ಹೊರಗಿನ ಜಾಯಿಂಟ್. ಚಕ್ರದ ಹಿಂದೆ ಬಗ್ಗಿ ನೋಡಿ, ರಬ್ಬರ್ ಬೂಟ್ ಹರಿದು ಗ್ರೀಸ್ ಸಿಡಿದಿರುತ್ತದೆ. ಹರಿದಲ್ಲಿ ಸಿಮೆಂಟ್ ಧೂಳು ಹೊಕ್ಕರೆ ಜಾಯಿಂಟ್ ಬೇಗ ಸವೆಯುತ್ತದೆ. ಆದ್ದರಿಂದ ಸದ್ದು ಶುರುವಾಗುವ ಮೊದಲೇ ಬೂಟ್ ಬದಲಿಸುವುದು ಲಾಭ. ಹಂಪಿನ ಮೇಲೆ ಮಾತ್ರ ಲೊಡಕ್ ಎಂದರೆ ಲಿಂಕ್ ರಾಡ್, ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಇವುಗಳಲ್ಲಿ ಒಂದು. ಅದನ್ನು ನೋಡಲು ಜ್ಯಾಕ್ ಒಂದರ ಮೇಲೇ ನಿಂತ ಗಾಡಿಯ ಕೆಳಗೆ ನುಗ್ಗಬೇಡಿ, ಅದು ಗ್ಯಾರೇಜಿನ ಕೆಲಸ.

ಹಂತ 6: ಉಸ್ತಾದನಿಗೆ ಹೇಳುವುದು

"ಬೇರಿಂಗ್ ಬದಲಿ ಮಾಡ್ರಿ" ಎಂದರೆ ಬೇರಿಂಗ್ ಬದಲಾಗುತ್ತದೆ, ಸದ್ದು ಹೋಗದೆಯೂ ಇರಬಹುದು. ಕಂಡದ್ದನ್ನಷ್ಟೇ ಹೇಳಿ: "ಉಸ್ತಾದ್, ನಲವತ್ತು ದಾಟಿದ ಮ್ಯಾಲೆ ಬರ್ತದ್ರಿ. ಗೇರ್ ಬದಲಿಸಿದ್ರೂ ಹೋಗಂಗಿಲ್ಲ. ಎಡಕ್ಕ ಹೊರಳಿಸಿದ್ರ ಕಮ್ಮಿ ಆಗ್ತದ." ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದರೆ ಕೇಳಿಸಿ, ಆದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗುವುದೇ ಒಳ್ಳೆಯದು. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ನೋಡಿ. ರಿಪೇರಿ ಆದ ಮೇಲೆ ಸದ್ದು ಬರುತ್ತಿದ್ದ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಓಡಿಸಿ ನೋಡಿದ ಮೇಲೆಯೇ ಹಣ ಎಣಿಸಿ.